ತಪ್ಪಿಲ್ಲದ ಹೊಣೆ

ಮೈಯ ಒಂದೇ ಬದಿಯಲ್ಲಿ ಪಟ್ಟಿ ಕಟ್ಟಿದಂತೆ ಗುಳ್ಳೆಗಳೆದ್ದು, ಬಟ್ಟೆ ಸೋಕಿದರೂ ಬೆಂಕಿ ತಾಗಿದಂತೆ ಉರಿಯುವ ಕಾಯಿಲೆಗೆ ಕನ್ನಡದಲ್ಲಿ ಸರ್ಪಸುತ್ತು ಎಂಬ ಹೆಸರಿದೆ. ಹೆಸರಿನ ಜೊತೆ ಒಂದು ಭಯವೂ ಒಂದು ಆರೋಪವೂ ಬಂದಿವೆ. ಸುತ್ತಿದ ಹಾವಿನ ತಲೆ ಬಾಲ ಕೂಡಿದರೆ ರೋಗಿ ಉಳಿಯುವುದಿಲ್ಲ ಎಂಬುದು ಭಯ. ಮನೆತನದಲ್ಲಿ ಯಾರೋ ಎಂದೋ ನಾಗನಿಗೆ ಮಾಡಿದ ಅಪಚಾರ ಈಗ ಕಾಡುತ್ತಿದೆ ಎಂಬುದು ಆರೋಪ. ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. 'ಹರ್ಪಿಸ್' ಎಂಬುದು ತೆವಳುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಸಂಸ್ಕೃತದ 'ಸರ್ಪ'ವೂ ಅದೇ ಬೇರಿನದು. ಜೋಸ್ಟರ್ ಎಂದರೆ ನಡುಪಟ್ಟಿ. ದೂರದ ಎರಡು ನಾಡುಗಳ ಜನ ಒಂದೇ ಹುಣ್ಣಿನಲ್ಲಿ ತೆವಳುವ ಒಂದೇ ಪ್ರಾಣಿಯನ್ನು ಕಂಡಿದ್ದಾರೆ.

ಆದರೆ ಈ ಹಾವು ಹೊರಗಿನಿಂದ ಬಂದು ಸುತ್ತಿಕೊಂಡದ್ದಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಎದ್ದಾಗ 'ಅಮ್ಮ ಬಂದು ಹೋದಳು' ಎಂದು ಹಿರಿಯರು ಹೇಳುತ್ತಿದ್ದರು. ಬಂದ ವೈರಸ್ಸು ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹಲವು ದಶಕ ಮಲಗಿದ್ದು, ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ.

ಕಾಯಿಲೆ ಬಂದಾಗ ನಾವು 'ಹೇಗೆ ಬಂತು' ಎಂದು ಕೇಳುವುದಕ್ಕಿಂತ ಬೇಗ 'ಯಾರಿಂದ ಬಂತು' ಎಂದು ಕೇಳುತ್ತೇವೆ. ಇದಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಹೊರಗಿನ ಶತ್ರು ಬಂದ ಎಂಬುದು ಒಂದು. ನೀನೇ ತಂದುಕೊಂಡೆ ಎಂಬುದು ಇನ್ನೊಂದು. ಕರ್ಮ, ಕೆಟ್ಟ ನಡತೆ, 'ಶಕ್ತಿ ಇಲ್ಲದ ಮೈ' ಇವೆಲ್ಲ ಅದರ ರೂಪಗಳು. ಹರ್ಪಿಸ್ ಕುಟುಂಬದ ವೈರಸ್ಸುಗಳ ಮುಂದೆ ಈ ಎರಡು ಉತ್ತರಗಳೂ ನಿಲ್ಲುವುದಿಲ್ಲ. ಹಾಗಾದರೆ ಕಾಯಿಲೆಯ ವಿಷಯದಲ್ಲಿ ಹೊಣೆ ಎಂಬ ಮಾತಿಗೆ ಅರ್ಥವೇನು?

ಮೊದಲು ಶತ್ರುವಿನ ಮಾತು. 'ತನ್ನದು' ಮತ್ತು 'ಅನ್ಯ' ಎಂಬ ವಿಂಗಡಣೆಯನ್ನು ರೋಗನಿರೋಧ ವಿಜ್ಞಾನದ ನಡುವೆ ತಂದಿಟ್ಟವರಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಫಾರ್ಲೇನ್ ಬರ್ನೆಟ್ ಮುಖ್ಯ. ದೇಹ ತನ್ನದನ್ನು ಗುರುತಿಸಿ ಸಹಿಸುವುದನ್ನು ಹುಟ್ಟುವ ಮುಂಚೆಯೇ ಕಲಿಯುತ್ತದೆ, ಅನ್ಯವಾದದ್ದನ್ನು ಹೊರಗಟ್ಟುತ್ತದೆ ಎಂಬ ವಿಚಾರವನ್ನು ಅವರು 1949ರಲ್ಲಿ ಮಂಡಿಸಿದರು. 1960ರಲ್ಲಿ ಪೀಟರ್ ಮೆಡಾವರ್ ಜೊತೆ ನೊಬೆಲ್ ಪಡೆದರು. ಅದಕ್ಕೂ ಹತ್ತು ವರ್ಷ ಹಿಂದೆ, 1939ರಲ್ಲಿ, ಇದೇ ಬರ್ನೆಟ್ ಸಹೋದ್ಯೋಗಿಯೊಬ್ಬರ ಜೊತೆ ತುಟಿಯ ಹರ್ಪಿಸ್ ಬಗ್ಗೆ ಬರೆದಿದ್ದರು. ಅದು ಮತ್ತೆ ಮತ್ತೆ ಹೊರಗಿನಿಂದ ಅಂಟುವ ಕಾಯಿಲೆಯಲ್ಲ. ಬಾಲ್ಯದಲ್ಲಿ ಒಮ್ಮೆ ಹೊಕ್ಕ ವೈರಸ್ಸು ಬದುಕಿಡೀ ಒಳಗೇ ಇದ್ದು, ಜ್ವರದಂಥ ಪ್ರಚೋದನೆಗೆ ಹೊರಬರುತ್ತದೆ ಎಂಬುದು ಅಲ್ಲಿನ ವಾದ. ಗಡಿ ಎಳೆದ ಕೈಯೇ ಅದಕ್ಕೆ ಮೊದಲು ಗಡಿಯೊಳಗೆ ಮನೆ ಮಾಡಿಕೊಂಡ ಅನ್ಯನನ್ನೂ ತೋರಿಸಿತ್ತು.

ಈ ಅನ್ಯ ಅಪರೂಪದವನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 50 ವರ್ಷದೊಳಗಿನವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನರಲ್ಲಿ ಹರ್ಪಿಸ್ ಸಿಂಪ್ಲೆಕ್ಸ್‌ನ ಮೊದಲ ಬಗೆ ಇದೆ. ಎಪ್‌ಸ್ಟೈನ್-ಬಾರ್ ವೈರಸ್ಸು ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯಲ್ಲಿದೆ. ಆರನೆಯ ಬಗೆಯ ಹರ್ಪಿಸ್ ವೈರಸ್ಸು ಸುಮಾರು ನೂರರಲ್ಲೊಬ್ಬರ ವರ್ಣತಂತುವಿನ ತುದಿಗೇ ಸೇರಿಕೊಂಡಿದೆ. ಅಂಥವರಿಗೆ ಅದು ತಂದೆಯಿಂದಲೋ ತಾಯಿಯಿಂದಲೋ ಬಂದದ್ದು, ಮೂಗಿನ ಆಕಾರ ಬಂದ ಹಾಗೆ. ಅವರಲ್ಲಿ ಅದನ್ನು ತನ್ನದು ಎನ್ನಬೇಕೋ ಅನ್ಯ ಎನ್ನಬೇಕೋ?

ಒಳಗಿದ್ದವನ ಜೊತೆ ದೇಹ ನಡೆದುಕೊಳ್ಳುವ ರೀತಿಯೂ ಯುದ್ಧದ ಭಾಷೆಗೆ ಒಗ್ಗುವುದಿಲ್ಲ. ಹರ್ಪಿಸ್ ಅಡಗಿರುವ ನರಕೋಶವನ್ನು ಕೊಂದರೆ ವೈರಸ್ಸು ಸಾಯುತ್ತದೆ, ಆದರೆ ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಕಾವಲಿನ ಟಿ ಕೋಶಗಳು ಆ ನರಕೋಶಗಳನ್ನು ಸುತ್ತುವರಿದು, ಅವನ್ನು ಕೊಲ್ಲದೆ, ವೈರಸ್ಸು ಏಳದಂತೆ ತಡೆದಿಡುತ್ತವೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಇಲ್ಲಿ ಸಹನೆ ಎಂದರೆ ಸುಮ್ಮನಿರುವುದಲ್ಲ. ಹಗಲಿರುಳು ನಡೆಯುವ ದುಡಿಮೆ.

ಇನ್ನು ಎರಡನೆಯ ಉತ್ತರ: ಶಕ್ತಿ ಇಲ್ಲದ ಮೈ. ನಮ್ಮ 'ರೋಗನಿರೋಧಕ ಶಕ್ತಿ' ಎಂಬ ಮಾತಿನಲ್ಲೇ ಶಕ್ತಿ ಸೇರಿಕೊಂಡಿರುವುದರಿಂದ ಅದು ಸೇರು ಪಾವಿನಲ್ಲಿ ಅಳೆಯುವ ವಸ್ತು, ಕಷಾಯ ಪುಡಿಗಳಿಂದ ಹೆಚ್ಚಿಸಿಕೊಳ್ಳುವಂಥದ್ದು ಎಂದು ನಂಬಿದ್ದೇವೆ. ಅಲರ್ಜಿ ಈ ನಂಬಿಕೆಗೆ ಸಿಕ್ಕುವುದಿಲ್ಲ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಈ ಪದವನ್ನು ಟಂಕಿಸಿದಾಗ ಅದರ ಅರ್ಥ 'ಬದಲಾದ ಪ್ರತಿಕ್ರಿಯೆ' ಎಂದಷ್ಟೇ ಇತ್ತು. ಒಮ್ಮೆ ಕಂಡದ್ದನ್ನು ಮತ್ತೆ ಕಂಡಾಗ ದೇಹ ಬೇರೆ ರೀತಿ ನಡೆದುಕೊಳ್ಳುತ್ತದೆ. ಅದು ಕಾಯಲೂಬಹುದು, ಕೆಡಿಸಲೂಬಹುದು. ರಕ್ಷಣೆ ಮತ್ತು ಹಾನಿ ಒಂದೇ ಕೈಯ ಕೆಲಸ ಎಂಬ ಆ ಮೊದಲ ಅರ್ಥ ಮುಂದೆ ಕಳೆದುಹೋಯಿತು.

ಅದೇ ವಿಯೆನ್ನಾದಲ್ಲಿ, 1887ರಲ್ಲಿ, ಚರ್ಮವೈದ್ಯ ಮೊರಿಟ್ಸ್ ಕಪೋಸಿ ಎಕ್ಸಿಮಾ ಇರುವ ಮಕ್ಕಳಲ್ಲಿ ಕಾಣಿಸುವ ಒಂದು ಭೀಕರ ತೊಡಕನ್ನು ವಿವರಿಸಿದ್ದರು. ಇಂದು ಅದಕ್ಕೆ ಎಕ್ಸಿಮಾ ಹರ್ಪೆಟಿಕಮ್ ಎನ್ನುತ್ತಾರೆ. ಬೇರೆಯವರ ತುಟಿಯಂಚಿನಲ್ಲಿ ಒಂದು ಗುಳ್ಳೆಯಾಗಿ ಮುಗಿಯುವ ವೈರಸ್ಸು ಇಂಥ ಮಗುವಿನ ಮೈತುಂಬ ಹರಡುತ್ತದೆ. ಬೇಗ ಅಸೈಕ್ಲೋವಿರ್ ಕೊಡದಿದ್ದರೆ ಕಣ್ಣಿಗೂ ಪ್ರಾಣಕ್ಕೂ ಅಪಾಯ. ಅಲರ್ಜಿಯ ಕಡೆ ವಾಲಿದ ಪ್ರತಿಕ್ರಿಯೆ ಚರ್ಮದ ತಡೆಗೋಡೆಯನ್ನೂ, ಸೋಂಕಿನ ವಿರುದ್ಧ ಚರ್ಮವೇ ತಯಾರಿಸುವ ರಕ್ಷಕ ಪೆಪ್ಟೈಡ್‌ಗಳನ್ನೂ ಕುಗ್ಗಿಸುತ್ತದೆ. ಈ ಮಗುವಿನ ರೋಗನಿರೋಧಕ ಶಕ್ತಿ ಹೆಚ್ಚೋ ಕಡಿಮೆಯೋ? ಧೂಳಿನ ಮುಂದೆ ಅತಿ, ಹರ್ಪಿಸ್ ಮುಂದೆ ಕೊರತೆ. ಪ್ರಶ್ನೆಯೇ ತಪ್ಪಾಗಿದೆ.

ಕಾರಣವನ್ನು ಬಿಡಿಸಿ ಹೇಳುವುದೂ ಸುಲಭವಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಾಜೆಪಿನ್‌ನಂಥ ಔಷಧಿ ಕೆಲವರಲ್ಲಿ, ಶುರುಮಾಡಿದ ಎರಡರಿಂದ ಎಂಟು ವಾರಗಳಲ್ಲಿ, ಜ್ವರ, ಮೈತುಂಬ ದದ್ದು, ಯಕೃತ್ತಿನ ಊತ ತರುತ್ತದೆ. ಇದು ಔಷಧಿಯ ಅಲರ್ಜಿ. ಆದರೆ ಔಷಧಿ ನಿಲ್ಲಿಸಿದ ಮೇಲೂ ಕಾಯಿಲೆ ಮುಂದುವರಿಯುವ ಅನೇಕರಲ್ಲಿ ಮಲಗಿದ್ದ ಆರನೆಯ ಹರ್ಪಿಸ್ ವೈರಸ್ಸು ಎದ್ದಿರುವುದು 1990ರ ದಶಕದ ಕೊನೆಯಿಂದ ಕಂಡುಬಂದಿದೆ. ಔಷಧಿಯೇ ವೈರಸ್ಸನ್ನು ಎಬ್ಬಿಸಿತೋ, ಕೆರಳಿದ ಮೈಯಲ್ಲಿ ಅದು ತಾನಾಗಿ ಎದ್ದಿತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಉದಾಹರಣೆ. ಎಪ್‌ಸ್ಟೈನ್-ಬಾರ್ ವೈರಸ್ಸು ಹೊಕ್ಕ ಮೇಲೆ ಮಲ್ಟಿಪಲ್ ಸ್ಕ್ಲಿರೋಸಿಸ್ ಬರುವ ಸಂಭವ 32 ಪಟ್ಟು ಹೆಚ್ಚುತ್ತದೆ ಎಂದು ಅದು ತೋರಿಸಿತು. ದೇಹ ತನ್ನ ನರಗಳ ಹೊದಿಕೆಯನ್ನು ತಾನೇ ಹರಿದುಹಾಕುವ ಕಾಯಿಲೆ ಇದು. ವೈರಸ್ಸಿನ ಒಂದು ಪ್ರೋಟೀನಿನ ತುಣುಕು ಮಿದುಳಿನ ಒಂದು ಪ್ರೋಟೀನನ್ನು ಹೋಲುವುದರಿಂದ ಕಾವಲುಗಾರನಿಗೆ ಗುರುತು ತಪ್ಪುತ್ತದೆ ಎಂಬುದಕ್ಕೂ ಅದೇ ವರ್ಷ ಪುರಾವೆ ಸಿಕ್ಕಿತು. ಆದರೂ ಈ ವೈರಸ್ಸು ಹೊತ್ತವರಲ್ಲಿ ಬಹುಪಾಲು ಜನಕ್ಕೆ ಆ ಕಾಯಿಲೆ ಬರುವುದೇ ಇಲ್ಲ. ಎಲ್ಲರಲ್ಲೂ ಇರುವುದನ್ನು ಒಬ್ಬರ ನೋವಿಗೆ ಅಪರಾಧಿ ಎಂದು ಹೇಗೆ ಕರೆಯುವುದು?

ಇಲ್ಲಿಂದ ಸಮಾಜಕ್ಕೆ ಪಾಠ ಕಲಿಸಲು ಹೊರಡುವ ಆಸೆಯನ್ನು ತಡೆದುಕೊಳ್ಳಬೇಕು. ಒಂದು ಜನವರ್ಗವನ್ನು ರೋಗಾಣು ಎಂದು ಕರೆದವರು ಮಾಡಿದ್ದೂ ಅದನ್ನೇ. ಮನುಷ್ಯರು ವೈರಸ್ಸುಗಳಲ್ಲ, ದೇಹ ಯಾರಿಗೂ ನೀತಿ ಹೇಳಲು ಕಾಯಿಲೆ ಬೀಳುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಕಾರಣ ಎಲ್ಲ ಕಡೆ ಹಂಚಿಹೋಗಿರುವಾಗ ಯಾರ ಮೇಲೂ ತಪ್ಪು ಹೊರಿಸಲಾಗದಿದ್ದರೆ, ಹೊಣೆಯೂ ಕಳಚಿಬೀಳುತ್ತದೆಯೆ?

ಕಳಚುವುದಿಲ್ಲ ಎಂಬುದು ನನ್ನ ವಾದ. ಪಾಪ ಮತ್ತು ಹೊಣೆಯನ್ನು ನಾವು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೇವೆ. 'ನಿನ್ನ ತಪ್ಪಲ್ಲ' ಎಂದರೆ 'ನೀನೇನೂ ಮಾಡಬೇಕಿಲ್ಲ' ಎಂದೇ ಕೇಳಿಸುತ್ತದೆ. ಆದ್ದರಿಂದಲೇ ಯಾರಾದರೂ ಏನಾದರೂ ಮಾಡಬೇಕೆನಿಸಿದಾಗ ಮೊದಲು ತಪ್ಪಿತಸ್ಥರನ್ನು ಹುಡುಕುತ್ತೇವೆ. ಜನನಾಂಗದ ಹರ್ಪಿಸ್ ಬಂದ ಮನೆಯಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಗಂಡ ಹೆಂಡತಿಯರು ಪರಸ್ಪರರ ಹಳೆಯ ದಿನಗಳನ್ನು ಕೆದಕುತ್ತಾರೆ. ವೈರಸ್ಸು ಹೊಕ್ಕ ಎಷ್ಟೋ ವರ್ಷಗಳ ನಂತರ ಮೊದಲ ಹುಣ್ಣು ಏಳಬಹುದು, ಹುಣ್ಣೇ ಇಲ್ಲದವರಿಂದಲೂ ಹರಡಬಹುದು. ಆದ್ದರಿಂದ ಆ ವಿಚಾರಣೆಗೆ ತೀರ್ಪು ಬರುವುದು ಕಷ್ಟ. ಆ ಗಲಾಟೆಯಲ್ಲಿ ಕೇಳದೆ ಉಳಿಯುವುದು ಉತ್ತರವಿರುವ ಪ್ರಶ್ನೆ: ಈಗ ಇಬ್ಬರೂ ಏನು ಮಾಡಬೇಕು?

ವೈರಸ್ಸನ್ನು ಹೊತ್ತಿರುವುದು ತಪ್ಪಲ್ಲ. ಗೊತ್ತಿದ್ದೂ ಮುಚ್ಚಿಟ್ಟು ಇನ್ನೊಬ್ಬರನ್ನು ಅಪಾಯಕ್ಕೆ ಒಡ್ಡುವುದು ತಪ್ಪು. ಈ ಎರಡನ್ನೂ ಒಂದೇ ಅವಮಾನದಡಿ ತಂದಾಗ ಜನ ಮುಚ್ಚಿಡುತ್ತಾರೆ. ಹೀಗೆ ಅವಮಾನವೇ ಎರಡನೆಯ ತಪ್ಪನ್ನು ಬೆಳೆಸುತ್ತದೆ. ಸರ್ಪದೋಷದ ಮಾತು ರೋಗಿಯನ್ನು ಆಸ್ಪತ್ರೆಯಿಂದ ದೂರವಿಡುವ ರೀತಿಯೂ ಇದೇ. ವೈರಸ್ ನಿರೋಧಕ ಮಾತ್ರೆ ಗುಳ್ಳೆ ಎದ್ದ ಮೂರು ದಿನದೊಳಗೆ ಶುರುವಾದರೆ ಒಳ್ಳೆಯದು. ದೋಷ ಯಾರದು ಎಂದು ಕೇಳಿಸುವಷ್ಟರಲ್ಲಿ ಆ ದಿನಗಳು ಮುಗಿದಿರುತ್ತವೆ.

'ಇಮ್ಯೂನಿಟಿ' ಎಂಬ ಮಾತಿಗೆ ಲ್ಯಾಟಿನ್ನಿನಲ್ಲಿ ತೆರಿಗೆ, ಊಳಿಗಗಳಿಂದ ವಿನಾಯಿತಿ ಎಂಬ ಅರ್ಥವಿತ್ತು. ನಮ್ಮ ಶಾಸನಗಳಲ್ಲಿ ಬರುವ ಸರ್ವಮಾನ್ಯದ ಭೂಮಿಯ ಹಾಗೆ, ಕೊಡಬೇಕಾದ್ದೇನೂ ಇಲ್ಲದ ಸ್ಥಿತಿ. ಮೈಯ ಲೆಕ್ಕದಲ್ಲಿ ಅಂಥ ಮಾನ್ಯ ಯಾರಿಗೂ ಸಿಕ್ಕಿಲ್ಲ. ನಾವೆಲ್ಲ ಏನನ್ನೋ ಹೊತ್ತವರು, ಹೆಚ್ಚಾಗಿ ಪ್ರೀತಿಯಿಂದಲೇ ಪಡೆದವರು. ತುಟಿಯ ಹರ್ಪಿಸ್ ಮಗುವಿಗೆ ಬರುವುದು ಬಹುಮಟ್ಟಿಗೆ ಮುತ್ತಿನಿಂದ. ಬಾಣಂತಿಯ ಮನೆಗೆ ಕೂಸು ನೋಡಲು ಹೋದ ಅಜ್ಜಿಯ ತುಟಿಯಂಚಿನಲ್ಲಿ ಅಂದು ಒಂದು ಗುಳ್ಳೆ ಎದ್ದಿದೆ ಎಂದುಕೊಳ್ಳಿ. ಅದು ಆಕೆಯ ತಪ್ಪಲ್ಲ. 70 ವರ್ಷದ ಹಿಂದೆ ಆಕೆಯನ್ನು ಮುದ್ದಿಸಿದವರ ತಪ್ಪೂ ಅಲ್ಲ. ಆದರೆ ನವಜಾತ ಶಿಶುವಿಗೆ ಆ ವೈರಸ್ಸು ಜೀವಕ್ಕೇ ಎರವಾಗಬಹುದು. 'ಇವತ್ತು ಮುತ್ತಿಡಲ್ಲ ಕಣಮ್ಮ, ತುಟಿ ಮೇಲೆ ಗುಳ್ಳೆ ಎದ್ದಿದೆ' ಎಂದು ಆಕೆ ನಾಚಿಕೆಯಿಲ್ಲದೆ ಹೇಳಬೇಕು. ಮನೆಯವರು ಅದನ್ನು ಮುಖ ಸಿಂಡರಿಸದೆ ಕೇಳಿ, ಕೂರಲು ಹತ್ತಿರವೇ ಜಾಗ ಮಾಡಿಕೊಡಬೇಕು.