ಕಡಿಮೆ ಗಾಯ ಯಾರಿಗೆ?

ಎದೆಯ ಆಪರೇಷನ್ ಅಂದರೆ ಹಿಂದೆಲ್ಲ ಪಕ್ಕೆಯ ಉದ್ದಕ್ಕೂ ಕೊಯ್ದು, ಪಕ್ಕೆಲುಬುಗಳನ್ನು ಅಗಲಿಸಿ, ಒಳಗೆ ಕೈ ಹಾಕಬೇಕಿತ್ತು. ಗಾಯ ಮಾಗಿದರೂ ನೋವು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಈಗ ಶ್ವಾಸಕೋಶದ ಒಂದು ಭಾಗವನ್ನೇ ತೆಗೆಯಬೇಕಾದರೂ ಕೆಲವು ಸಣ್ಣ ಕಿಂಡಿಗಳು ಸಾಕು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಉಪಕರಣಗಳು. ಸರ್ಜನ್ ನೋಡೋದು ಎದುರಿನ ಪರದೆಯನ್ನು. ರೋಗಿ ಬೇಗ ಎದ್ದು ಓಡಾಡ್ತಾನೆ. ಇದಕ್ಕೆ 'ಮಿನಿಮಲಿ ಇನ್ವೇಸಿವ್' ಅನ್ನುತ್ತಾರೆ, ಅಂದರೆ ಕಡಿಮೆ ಗಾಯದ ಶಸ್ತ್ರಚಿಕಿತ್ಸೆ. ನನ್ನ ಪ್ರಶ್ನೆ ಇಷ್ಟೇ: ಕಡಿಮೆ ಗಾಯ ಯಾರಿಗೆ?

1996ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಎದೆಮೂಳೆ ಸೀಳದೆ, ಸಣ್ಣ ಕಿಂಡಿಗಳ ಮೂಲಕವೇ ಹೃದಯದ ಬೈಪಾಸ್ ಮಾಡಬಹುದು, ಕವಾಟ ಬದಲಿಸಬಹುದು ಅಂತ ಪ್ರಬಂಧಗಳನ್ನು ಪ್ರಕಟಿಸಿತು. ಆ ಪ್ರಯೋಗಗಳು ನಡೆದದ್ದು ನಾಯಿಗಳ ಮೇಲೆ. ಇಂಥ ಕೆಲಸಕ್ಕೆ ಹಂದಿಯನ್ನೂ ಬಹಳ ಬಳಸುತ್ತಾರೆ. ಅದರ ಹೃದಯ ಗಾತ್ರದಲ್ಲಿ ನಮ್ಮದಕ್ಕೆ ಹತ್ತಿರ. ಪ್ರಬಂಧಗಳ ಕೊನೆಯಲ್ಲಿ ಆಗಾಗ ಒಂದು ಮಾತು ಬರುತ್ತದೆ, ಪ್ರಾಣಿಗಳನ್ನು 'ಸ್ಯಾಕ್ರಿಫೈಸ್' ಮಾಡಲಾಯಿತು ಅಂತ. ನಮ್ಮ ಮಾತಲ್ಲಿ ಹೇಳೋದಾದರೆ ಬಲಿ. ಬಲಿ ಕೊಡುವವನು ಹರಕೆ ಹೊರುತ್ತಾನೆ, ಯಾರಿಗೆ ಯಾಕೆ ಕೊಡುತ್ತಿದ್ದೇನೆ ಅಂತ ಅವನಿಗೆ ಗೊತ್ತಿರುತ್ತದೆ. ಇಲ್ಲಿ ಹರಕೆ ಯಾರದು? ಆಪರೇಷನ್ ಟೇಬಲ್ ಮೇಲೆ ಮಲಗುವ ನನ್ನದೇ, ಆದರೆ ನನಗದು ಗೊತ್ತೇ ಇರುವುದಿಲ್ಲ.

ಪ್ರಾಣಿಯನ್ನು ಹೀಗೆ ಬಳಸುವುದರಲ್ಲಿ ಎರಡು ಬಗೆಯಿದೆ. ಇನ್ನೂ ಯಾರಿಗೂ ಗೊತ್ತಿಲ್ಲದ್ದನ್ನು ಕಂಡುಕೊಳ್ಳುವುದು ಒಂದು. ಗೊತ್ತಿರುವುದರಲ್ಲಿ ಕೈ ಪಳಗಿಸಿಕೊಳ್ಳುವುದು ಇನ್ನೊಂದು. ಕಾನೂನು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಯೋಗಗಳಿಗೆ ಅವಕಾಶ ಕೊಡುತ್ತದೆ. ಆದರೆ ಕೇವಲ ಕೈಚಳಕ ಗಳಿಸಲಿಕ್ಕೆ ಪ್ರಯೋಗ ಮಾಡುವುದನ್ನು ಆದಷ್ಟು ತಪ್ಪಿಸಬೇಕು ಅನ್ನುತ್ತದೆ. ಪುಸ್ತಕ, ಮಾದರಿ, ಫಿಲ್ಮುಗಳಿಂದ ಕಲಿಸಲು ಆಗುವುದಾದರೆ ಪ್ರಾಣಿ ಬೇಡ ಅಂತಲೂ ಹೇಳುತ್ತದೆ. ಬ್ರಿಟನ್ನಿನ 1876ರ ಕಾನೂನಂತೂ ಕೈ ಪಳಗಿಸಲು ಜೀವಂತ ಪ್ರಾಣಿಯ ಮೇಲೆ ಪ್ರಯೋಗ ಮಾಡುವುದನ್ನು ನಿಷೇಧಿಸಿಯೇಬಿಟ್ಟಿತ್ತು.

ಓದಲಿಕ್ಕೆ ಇದು ಸರಿಯಾಗಿಯೇ ಕಾಣುತ್ತದೆ. ಹೊಸ ಜ್ಞಾನ ಎಲ್ಲರಿಗೂ ಸೇರುತ್ತದೆ, ಕೈಚಳಕ ಒಬ್ಬ ವೈದ್ಯನದು ಮಾತ್ರ, ಅದಕ್ಕೊಂದು ಜೀವ ಯಾಕೆ ಹೋಗಬೇಕು? ಆದರೆ ಈ ಗೆರೆ ಅಷ್ಟು ಸ್ಪಷ್ಟವಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1944ರ ನವೆಂಬರ್ 29ರಂದು ನಡೆದ 'ಬ್ಲೂ ಬೇಬಿ' ಆಪರೇಷನ್ ನೋಡಿ. ಎದೆ ತೆರೆದೇ ಮಾಡಿದ ಆಪರೇಷನ್ ಅದು, ಆದರೂ ನಮ್ಮ ಪ್ರಶ್ನೆ ಅಲ್ಲೂ ಇದೆ. ಚಾಕು ಹಿಡಿದವರು ಡಾ. ಆಲ್ಫ್ರೆಡ್ ಬ್ಲೇಲಾಕ್. ಅವರ ಹೆಗಲ ಹಿಂದೆ ನಿಂತು ಹಂತ ಹಂತಕ್ಕೂ ಸಲಹೆ ಕೊಟ್ಟವರು ವೈದ್ಯರಲ್ಲದ ಕಪ್ಪು ವರ್ಣದ ತಂತ್ರಜ್ಞ ವಿವಿಯನ್ ಥಾಮಸ್. ಯಾಕೆಂದರೆ ಆ ಹೊಲಿಗೆಯನ್ನು ನಾಯಿಗಳ ಮೇಲೆ ಮತ್ತೆ ಮತ್ತೆ ಹಾಕಿ ಪಳಗಿದ್ದ ಕೈ ಥಾಮಸ್ ಅವರದು. ಅಲ್ಲಿ ಜ್ಞಾನ ಯಾವುದು, ಕೈಚಳಕ ಯಾವುದು? ಆ ಜ್ಞಾನ ಇದ್ದದ್ದೇ ಕೈಯಲ್ಲಿ. ಆ ನಾಯಿಗಳಲ್ಲಿ ಬದುಕುಳಿದ ಆ್ಯನಾ ಅನ್ನೋ ಒಂದರ ಹೆಸರು ಇವತ್ತಿಗೂ ಉಳಿದಿದೆ. ಮಿಕ್ಕವುಗಳ ಹೆಸರು ಯಾರಿಗೂ ನೆನಪಿಲ್ಲ.

ಕಿಂಡಿ ಆಪರೇಷನ್ನಿನಲ್ಲಿ ಈ ತೊಡಕು ಇನ್ನೂ ಜಾಸ್ತಿ. ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಗೋಡೆ ತೆಳು. ಉಪಕರಣ ತಾಗಿ ಅದು ಹರಿದರೆ ಪರದೆಯೆಲ್ಲ ಕೆಂಪು. ತೆರೆದ ಎದೆಯಾದರೆ ತಕ್ಷಣ ಬೆರಳಿಂದ ಒತ್ತಿ ಹಿಡಿಯಬಹುದು, ಇಲ್ಲಿ ಅದಕ್ಕೂ ಜಾಗವಿಲ್ಲ. ನನ್ನ ಸರ್ಜನ್ ಆ ಕ್ಷಣವನ್ನು ಮೊದಲ ಸಲ ನನ್ನ ಎದೆಯೊಳಗೇ ನೋಡಲಿ ಅಂತ ನಾನು ಬಯಸುತ್ತೇನಾ? ಖಂಡಿತ ಇಲ್ಲ. ಹಾಗಾದರೆ ಅವರು ಅದನ್ನು ಬೇರೆಲ್ಲೋ ನೋಡಿರಬೇಕು. ಆ ಬೇರೆಲ್ಲೋ ಒಂದು ಹಂದಿಯ ಎದೆ ಆಗಿದ್ದರೆ ನಾನು ಅದರ ಹಂಗಿನಲ್ಲಿದ್ದೇನೆ. 'ಛೆ, ಪಾಪ' ಅಂದುಬಿಟ್ಟರೆ ಈ ಹಂಗು ತೀರುವುದಿಲ್ಲ.

"ದಿನಾ ಮಾಂಸ ತಿನ್ನೋ ಜನರ ನಡುವೆ ಕೂತು ಇದೆಂಥ ಚಿಂತೆ?" ಅಂತ ಕೇಳುವವರಿದ್ದಾರೆ. ಒಪ್ಪುವ ಮಾತೇ. ಆದರೆ ಒಂದು ಕಡೆ ಲೆಕ್ಕ ಇಟ್ಟಿಲ್ಲ ಅನ್ನೋದು ಇನ್ನೊಂದು ಕಡೆಯೂ ಲೆಕ್ಕ ಬಿಡಲು ಕಾರಣವಾಗೋದಿಲ್ಲ.

ನನಗೆ ತೊಂದರೆ ಕಾಣುವುದು 'ಅನಿವಾರ್ಯ' ಅನ್ನೋ ಪದದಲ್ಲಿ. 1944ರಲ್ಲಿ ಥಾಮಸ್ ಅವರ ಮುಂದೆ ಬೇರೆ ದಾರಿ ಇರಲಿಲ್ಲ. ಅವತ್ತಿನ ಅನಿವಾರ್ಯ ಇವತ್ತಿಗೂ ಅನಿವಾರ್ಯವೇ? ಅಪಘಾತದ ಗಾಯಾಳುವಿನ ಎದೆಗೆ ನಳಿಕೆ ಹಾಕುವುದನ್ನು ಅಮೆರಿಕದಲ್ಲಿ ಬಹುಕಾಲ ಜೀವಂತ ಪ್ರಾಣಿಗಳ ಮೇಲೆ ಕಲಿಸುತ್ತಿದ್ದರು. ಈ ಶತಮಾನದ ಆರಂಭದಿಂದ ಕೃತಕ ಚರ್ಮ, ಕೃತಕ ಪಕ್ಕೆಯ ಮನುಷ್ಯ ಮಾದರಿ ಆ ಜಾಗಕ್ಕೆ ಬಂತು. ಶ್ವಾಸಕೋಶದ ಆಪರೇಷನ್ ಕಲಿಯಲು ಕಸಾಯಿಖಾನೆಯಲ್ಲಿ ಸಿಗುವ ಹಂದಿಯ ಹೃದಯ-ಶ್ವಾಸಕೋಶವನ್ನೇ ಪೆಟ್ಟಿಗೆಯಲ್ಲಿಟ್ಟು, ನಾಳಗಳಿಗೆ ಕೆಂಪು ದ್ರವ ತುಂಬಿಸಿ ಅಭ್ಯಾಸ ಮಾಡಿಸುವ ಕ್ರಮವೂ ಇದೆ. ಕಂಪ್ಯೂಟರ್ ಸಿಮ್ಯುಲೇಟರ್‌ಗಳೂ ಬಂದಿವೆ.

ಹಾಗಂತ ಎಲ್ಲವನ್ನೂ ಇವತ್ತೇ ನಿಲ್ಲಿಸಿ ಅಂತ ನಾನು ಹೇಳಲಾರೆ. ಹಾಗೆ ಹೇಳಿದರೆ ಮೊದಲ ತಪ್ಪುಗಳ ಭಾರ ಯಾವುದೋ ರೋಗಿಯ ಮೇಲೆ ಬೀಳುತ್ತದೆ, ಬಹುಶಃ ಪ್ರಶ್ನೆ ಕೇಳಲು ಧೈರ್ಯವಿಲ್ಲದ ಬಡ ರೋಗಿಯ ಮೇಲೆ. ಆದರೆ ಒಂದು ಕ್ರಮ ಇರಬೇಕು. ಮೊದಲ ನೂರು ತಪ್ಪುಗಳು ರಬ್ಬರಿನ ಮೇಲೆ, ಸತ್ತ ಅಂಗದ ಮೇಲೆ ಆಗಿಹೋಗಲಿ. ಅಲ್ಲೆಲ್ಲೂ ಕಲಿಯಲಾಗದ್ದು ಏನಾದರೂ ಉಳಿದಿದ್ದರೆ ಆಗ ಮಾತ್ರ ಜೀವದ ಮಾತು, ಅದೂ ಪೂರ್ತಿ ಅರಿವಳಿಕೆಯಲ್ಲಿ. ಏನು ಉಳಿದಿದೆ ಅಂತ ಬರೆದು ತೋರಿಸುವ ಹೊಣೆ ಚಾಕು ಹಿಡಿಯುವವರದು. ಹೋದ ವರ್ಷ ಬರೆದದ್ದನ್ನೇ ಈ ವರ್ಷವೂ ನಕಲು ಮಾಡಿ ಕೊಟ್ಟರೆ, ಒಪ್ಪಿಗೆ ಕೊಡುವ ಸಮಿತಿ ಅದನ್ನು ವಾಪಸ್ ಕಳಿಸಬೇಕು.