ಮಕ್ಕಳಿಗೆ ಎಷ್ಟು ಹೇಳಬೇಕು?

ಮನೆಗೆ ಕೆಟ್ಟ ಸುದ್ದಿ ಬಂದಾಗ ಅದನ್ನು ಮಕ್ಕಳಿಗೆ ಹೇಳಬೇಕೇ, ಬಚ್ಚಿಡಬೇಕೇ? ಊರಿನಲ್ಲಿ ಈ ಪ್ರಶ್ನೆ ಏಳುವುದೇ ಕಡಿಮೆ. ಅಲ್ಲಿ ಅಜ್ಜ ತೀರಿಕೊಂಡರೆ ಅಂಗಳದಲ್ಲಿ ಜನ ಸೇರುತ್ತಾರೆ, ಒಲೆ ಆರುತ್ತದೆ, ಯಾರೂ ಹೇಳದಿದ್ದರೂ ಮಗುವಿಗೆ ಎಲ್ಲ ತಿಳಿಯುತ್ತದೆ. ಇಲ್ಲಿ ಹಾಗಲ್ಲ. ಕರಾಮದ ಫ್ಲಾಟಿಗಾಗಲೀ ಮುಸಫ್ಫಾದ ಮನೆಗಾಗಲೀ ಸಾವು ಬರುವುದು ಫೋನಿನಲ್ಲಿ. ಫೋನ್ ಹಿಡಿದವರು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರೆ ಮುಗಿಯಿತು, ಒಳಗೆ ಕಾರ್ಟೂನ್ ನಡೆಯುತ್ತಲೇ ಇರುತ್ತದೆ! ಕೊರೋನಾ ಕಾಲದಲ್ಲಿ ಈ ಬಾಲ್ಕನಿಯ ಬಾಗಿಲು ನಮ್ಮೆಲ್ಲರ ಮನೆಗಳಲ್ಲೂ ಎಷ್ಟೋ ಸಲ ಮುಚ್ಚಿ ತೆರೆಯಿತು.

ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 2020ರ ಮಾರ್ಚ್ 8ರಿಂದ ಇಲ್ಲಿನ ಶಾಲೆಗಳು ಮುಚ್ಚಿದವು. ಮಾರ್ಚ್ 22ರಿಂದ ಮನೆಯಲ್ಲೇ ಪಾಠ. ನಮ್ಮ ಭಾರತೀಯ ಶಾಲೆಗಳಲ್ಲಿ ಹೊಸ ತರಗತಿ ಶುರುವಾಗುವುದು ಏಪ್ರಿಲ್‌ನಲ್ಲಿ. ಹಾಗಾಗಿ ಒಂದನೇ ತರಗತಿಗೆ ಸೇರಿದ ಮಗು ತನ್ನ ಟೀಚರನ್ನು ಮೊದಲು ನೋಡಿದ್ದು ಪರದೆಯ ಮೇಲೆ. ಏಪ್ರಿಲ್ 4ರಿಂದ ದುಬೈಯಲ್ಲಿ ಹಗಲೂ ರಾತ್ರಿ ನಿರ್ಬಂಧ, ಹೊರಗೆ ಹೋಗಲು ಅನುಮತಿ ಪತ್ರ. ಏಪ್ರಿಲ್ ಕೊನೆಗೆ ಮಾಲ್‌ಗಳು ತೆರೆದ ಮೇಲೂ ಕೆಲವು ವಾರ 12 ವರ್ಷದೊಳಗಿನ ಮಕ್ಕಳಿಗೆ, 60 ದಾಟಿದ ಹಿರಿಯರಿಗೆ ಒಳಗೆ ಪ್ರವೇಶವಿರಲಿಲ್ಲ. ಊಟದ ಮೇಜಿನ ಒಂದು ತುದಿಯಲ್ಲಿ ಅಪ್ಪನ ಆಫೀಸು, ಇನ್ನೊಂದು ತುದಿಯಲ್ಲಿ ಮಗಳ ಗಣಿತ. ಇಂಥ ಮನೆಯಲ್ಲಿ ಗುಟ್ಟು ಎಂಬುದು ಉಳಿಯುವುದಾದರೂ ಎಲ್ಲಿ? ಅಪ್ಪನ ಮೀಟಿಂಗಿನಲ್ಲಿ ಯಾರನ್ನು ಕೆಲಸದಿಂದ ತೆಗೆಯುತ್ತಾರೆ ಎಂಬ ಮಾತು ನಡೆದರೆ ಅದನ್ನು ಮೊದಲು ಕೇಳಿಸಿಕೊಳ್ಳುವವಳು ಗಣಿತ ಮಾಡುತ್ತಿದ್ದ ಮಗಳೇ.

ನಮ್ಮಂಥವರಿಗೆ ಕೆಲಸ ಹೋಗುವುದೆಂದರೆ ಬರೀ ಸಂಬಳ ಹೋಗುವುದಲ್ಲ. ಅದರ ಹಿಂದೆಯೇ ವೀಸಾ ಹೋಗುತ್ತದೆ, ಅಪ್ಪನ ವೀಸಾಕ್ಕೆ ಮಕ್ಕಳದ್ದು ಜೋತುಬಿದ್ದಿರುತ್ತದೆ. 2020ರ ಮೇ 12ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಹೋಯಿತು. ಅದರ ಹಿಂದೆ ಹೋದ ವಿಮಾನಗಳಲ್ಲಿ ಎಷ್ಟೋ ತಾಯಂದಿರು ಮಕ್ಕಳೊಂದಿಗೆ ಹತ್ತಿದರು, ಅಪ್ಪಂದಿರು ಬೆಡ್‌ಸ್ಪೇಸಿಗೆ ಮರಳಿದರು. ಮಕ್ಕಳಿಗೆ ಹೇಳಿದ್ದು "ರಜೆಗೆ ಹೋಗೋಣ" ಎಂದು. ಆದರೆ ರಜೆಗೆ ಹೋಗುವವರು ಸೈಕಲ್ ಮಾರುವುದಿಲ್ಲ, ಗೋಡೆಯ ಫೋಟೋಗಳನ್ನು ಇಳಿಸುವುದಿಲ್ಲ. ಎಂಟು ವರ್ಷದ ಮಗುವಿಗೆ ಇಷ್ಟು ತರ್ಕ ಸಾಕಷ್ಟು ಬರುತ್ತದೆ. ತನಗೆ ಗೊತ್ತಾಗಿದೆ ಎಂದು ಅಪ್ಪ ಅಮ್ಮನಿಗೆ ಗೊತ್ತಾಗಬಾರದು ಎಂದು ಅದೂ ನಟಿಸಲು ಕಲಿಯುತ್ತದೆ. ಹೀಗೆ ಮನೆಯವರೆಲ್ಲ ಒಬ್ಬರನ್ನೊಬ್ಬರು ಕಾಪಾಡುತ್ತಾ ಒಬ್ಬೊಬ್ಬರೇ ಆಗಿಬಿಡುತ್ತಾರೆ.

ಬಚ್ಚಿಡುವುದಕ್ಕೆ ನಮ್ಮ ಪರಂಪರೆಯಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಶುದ್ಧೋದನ ಮಹಾರಾಜ ಮಗ ಸಿದ್ಧಾರ್ಥನ ಕಣ್ಣಿಗೆ ಮುಪ್ಪು, ರೋಗ, ಸಾವು ಬೀಳದಂತೆ ಅರಮನೆ ಕಟ್ಟಿದ. ಅವನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಎಲ್ಲ ತಂದೆಯರ ಆಸೆಯೇ ಅದು. ಆದರೆ ರಥ ಒಂದು ದಿನ ಬೀದಿಗೆ ಬಂತು. ಮಗ ಆ ಪ್ರಶ್ನೆಗಳನ್ನು ಕೇಳಿದ್ದು ತಂದೆಯನ್ನಲ್ಲ, ಸಾರಥಿಯನ್ನು. ನಾವು ಯೋಚಿಸಬೇಕಾದ ಮಾತು ಇದು. ನಮ್ಮ ಮಕ್ಕಳ ಸಾರಥಿ ಯಾರು? ಯೂಟ್ಯೂಬ್, ಇಲ್ಲವೇ ತರಗತಿಯ ಗೆಳೆಯ.

ಕಠೋಪನಿಷತ್ತಿನಲ್ಲಿ ಇದಕ್ಕೆ ವಿರುದ್ಧವಾದ ಕಥೆಯಿದೆ. ಹಾಲು ಬತ್ತಿದ ಮುದಿ ಹಸುಗಳನ್ನು ತಂದೆ ದಾನ ಕೊಡುವುದನ್ನು ಕಂಡು ಬಾಲಕ ನಚಿಕೇತ "ನನ್ನನ್ನು ಯಾರಿಗೆ ಕೊಡುವೆ?" ಎಂದು ಮತ್ತೆ ಮತ್ತೆ ಕೇಳುತ್ತಾನೆ. ರೇಗಿದ ತಂದೆ ಮೃತ್ಯುವಿಗೆ ಎಂದುಬಿಡುತ್ತಾನೆ. ಮುಂದಿನದು ಎಲ್ಲರಿಗೂ ಗೊತ್ತು. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸ, ಮೂರು ವರ. ನಾವು ಸಾಮಾನ್ಯವಾಗಿ ಮೂರನೆಯ ವರವನ್ನೇ ದೊಡ್ಡದೆಂದು ಹೇಳುತ್ತೇವೆ. ಮೊದಲನೆಯ ವರವನ್ನು ನೋಡಿ: ತಂದೆಯ ಮನಸ್ಸು ಶಾಂತವಾಗಲಿ, ನಾನು ಹಿಂತಿರುಗಿದಾಗ ನನ್ನನ್ನು ಗುರುತಿಸಿ ಮಾತನಾಡಿಸಲಿ! ಸಾವಿನ ಬಾಗಿಲಲ್ಲಿ ನಿಂತ ಮಗುವಿಗೆ ಮೊದಲ ಚಿಂತೆ ಅಪ್ಪನ ಮುಖದ್ದು. ಇನ್ನು ಮೂರನೆಯ ವರಕ್ಕೆ ಯಮನೇ ಹಿಂಜರಿಯುತ್ತಾನೆ. ಆನೆ, ಕುದುರೆ, ಚಿನ್ನ, ದೀರ್ಘಾಯುಷ್ಯ ಏನು ಬೇಕಾದರೂ ಕೇಳು, ಸಾವಿನ ವಿಷಯ ಮಾತ್ರ ಬೇಡ ಎನ್ನುತ್ತಾನೆ. ನಮ್ಮ ಕಾಲದಲ್ಲಿ ಆನೆ ಕುದುರೆಗಳ ಜಾಗಕ್ಕೆ ಐಪ್ಯಾಡ್ ಬಂದಿದೆ, ಅಷ್ಟೇ.

2021ರ ಏಪ್ರಿಲ್, ಮೇ ತಿಂಗಳುಗಳು ಇನ್ನೂ ಕಠಿಣ. ಊರಿನಲ್ಲಿ ಎರಡನೇ ಅಲೆ. ಏಪ್ರಿಲ್ 24ರ ಮಧ್ಯರಾತ್ರಿಯಿಂದ ಭಾರತದಿಂದ ಇಲ್ಲಿಗೆ ಪ್ರಯಾಣಿಕರ ಪ್ರವೇಶ ನಿಂತಿತು. ತಂದೆಯನ್ನು ನೋಡಲು ಎರಡು ವಾರಕ್ಕೆಂದು ಹೋದ ತಾಯಿ ಮೂರು ತಿಂಗಳು ಅಲ್ಲೇ ಉಳಿದಳು. ಲಸಿಕೆ ಪಡೆದ ನಿವಾಸಿಗಳಿಗೆ ಷರತ್ತಿನೊಂದಿಗೆ ದಾರಿ ತೆರೆದದ್ದು ಆಗಸ್ಟ್ 5ರಿಂದ. ಹೋದರೆ ಮರಳುವ ಭರವಸೆಯಿಲ್ಲ ಎಂದು ಹೋಗದೇ ಉಳಿದವರು ಫೋನಿನ ಪರದೆಯಲ್ಲೇ ಕೊನೆಯ ದರ್ಶನ ಪಡೆದರು. ಮಕ್ಕಳಿಗೆ "ಅಜ್ಜ ಆಸ್ಪತ್ರೆಯಲ್ಲಿದ್ದಾರೆ" ಎಂಬ ಉತ್ತರ ತಿಂಗಳುಗಟ್ಟಲೆ ನಡೆಯಿತು.

ಇಲ್ಲಿ ನಮ್ಮ ಧರ್ಮಶಾಸ್ತ್ರದ ಒಂದು ವಿಚಾರ ಬಹಳ ಉಪಯುಕ್ತ. ದೂರದೇಶದಲ್ಲಿರುವ ಮಗನಿಗೆ ತಂದೆ ತಾಯಿಯ ಮರಣದ ಸುದ್ದಿ ಎಷ್ಟು ತಡವಾಗಿ ಬಂದರೂ, ಕೇಳಿದ ದಿನದಿಂದ ಹತ್ತು ದಿನ ಸೂತಕ. ಸತ್ತ ದಿನದಿಂದಲ್ಲ, ಕೇಳಿದ ದಿನದಿಂದ! ವಿಮಾನ, ಫೋನ್ ಇಲ್ಲದ ಕಾಲದಲ್ಲೂ ಹಿರಿಯರು ಪರದೇಶದವರನ್ನು ಮರೆತಿರಲಿಲ್ಲ. ಈ ನಿಯಮ ಮಕ್ಕಳಿಗಾಗಿ ಹೇಳಿದ್ದಲ್ಲ ನಿಜ. ಆದರೂ ಅದರ ಒಳಗಿನ ತಿಳಿವಳಿಕೆ ಅವರಿಗೂ ಸಲ್ಲುತ್ತದೆ: ದುಃಖ ಶುರುವಾಗುವುದು ತಿಳಿದಂದಿನಿಂದ. ಬಚ್ಚಿಟ್ಟರೆ ಆ ದಿನ ಮುಂದೆ ಹೋಗುತ್ತದೆಯೇ ಹೊರತು ರದ್ದಾಗುವುದಿಲ್ಲ. ಮುಂದೆ ಹೋದ ದಿನ ಬಂದಾಗ ಮನೆಯವರ ಅಳು ಮುಗಿದಿರುತ್ತದೆ, ಮಗು ಒಂಟಿಯಾಗಿ ಅಳಬೇಕಾಗುತ್ತದೆ.

ಹಾಗಾದರೆ ಎಲ್ಲವನ್ನೂ ಹೇಳಿಬಿಡಬೇಕೇ? ಖಂಡಿತ ಅಲ್ಲ. ಐದು ವರ್ಷದ ಮಗುವಿಗೆ ಆಕ್ಸಿಜನ್ ಮಟ್ಟ, ಸ್ಮಶಾನದ ಸರದಿ ಯಾಕೆ ಬೇಕು? ರಾತ್ರಿ ಬೆಚ್ಚಿ ಏಳುವ ಮಗುವಿನ ತಾಯಿ "ಇನ್ನೂ ಹೇಳಲಾರೆ" ಎಂದರೆ ಅವಳ ಮಾತಿಗೂ ಬೆಲೆಯಿದೆ. ತಿಳಿಸುವುದು ಬೇರೆ, ಹೊರಿಸುವುದು ಬೇರೆ. "ಅಪ್ಪನ ಕೆಲಸ ಹೋಗಿದೆ, ಬೇರೆ ಹುಡುಕುತ್ತಿದ್ದಾರೆ, ಮನೆ ಬದಲಾಗಬಹುದು" ಎನ್ನುವುದು ತಿಳಿಸುವುದು. ಸಾಲದ ಕಂತಿನ ಲೆಕ್ಕವನ್ನು ಹತ್ತು ವರ್ಷದ ಮಗಳ ಮುಂದೆ ದಿನಾ ಬಿಚ್ಚಿ, ಅವಳಿಂದಲೇ ಸಮಾಧಾನ ಬಯಸುವುದು ಹೊರಿಸುವುದು. ವಿಚಿತ್ರವೆಂದರೆ, ಅಜ್ಜನ ಸಾವನ್ನು ಬಚ್ಚಿಟ್ಟ ಮನೆಗಳಲ್ಲೇ ವಾಟ್ಸಾಪಿನಲ್ಲಿ ಬಂದ ಭೀಕರ ವಿಡಿಯೋಗಳು ಮಕ್ಕಳ ಎದುರೇ ಜೋರಾಗಿ ಓಡುತ್ತಿದ್ದವು.

ಹೇಳುವ ಕೆಲಸಕ್ಕೆ ನಮ್ಮ ಆಚರಣೆಗಳು ಮಾತಿಗಿಂತ ಹೆಚ್ಚು ಒದಗುತ್ತವೆ. ದೀಪ ಹಚ್ಚುವುದು, ಎಳ್ಳು ನೀರು ಬಿಡುವ ಅಪ್ಪನ ಪಕ್ಕ ಕೂರಿಸಿಕೊಳ್ಳುವುದು, ಅಜ್ಜನಿಗೆ ಇಷ್ಟವಾದ ತಿಂಡಿ ಮಾಡಿ ಅವರ ಹೆಸರು ಹೇಳಿ ಬಡಿಸುವುದು. ಇವಕ್ಕೆ ವಿಮಾನದ ಟಿಕೆಟ್ ಬೇಕಿರಲಿಲ್ಲ, ದೇವಸ್ಥಾನದ ಬಾಗಿಲು ತೆರೆಯುವವರೆಗೆ ಕಾಯಬೇಕಿರಲಿಲ್ಲ. ಮಗುವಿಗೆ ಏನೋ ಒಂದು ಮಾಡಲು ಸಿಕ್ಕಿದರೆ ಭಯ ಅರ್ಧ ಇಳಿಯುತ್ತದೆ.

ಆಗ ಐದಾರು ವರ್ಷದವರಾಗಿದ್ದ ಮಕ್ಕಳು ಈಗ ಸಾಕಷ್ಟು ದೊಡ್ಡವರಾಗಿದ್ದಾರೆ. ಅಜ್ಜ ಹೇಗೆ ಹೋದರು, ಅಮ್ಮ ಅಷ್ಟು ದಿನ ಯಾಕೆ ಬರಲಿಲ್ಲ ಎಂದು ಸರಿಯಾಗಿ ಕೇಳಿ ತಿಳಿಯದ ಮಕ್ಕಳು ಅವರಲ್ಲಿ ಈಗಲೂ ಇರಬಹುದು. ಈ ರಜೆಯಲ್ಲಿ ಊರಿಗೆ ಹೋದಾಗ ಫೋಟೋದ ಮುಂದೆ ಕುಳಿತು ಅವರಿಗೆ ಆ ಮೇ ತಿಂಗಳ ಕಥೆ ಹೇಳಬಹುದು. ಅವರ ಪ್ರಶ್ನೆಗಳಿಗೆ ಒಂದು ಮಧ್ಯಾಹ್ನ ಸಾಕಾಗಲಿಕ್ಕಿಲ್ಲ.