ರಿಪೇರಿಯ ಲೆಕ್ಕ

ನಮ್ಮ ಮನೆಯ ವಾಷಿಂಗ್ ಮೆಷೀನು ಕಳೆದ ತಿಂಗಳು ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಈ ಜಿಜ್ಞಾಸೆಗೆ ಅವಕಾಶವೇ ಇರುತ್ತಿರಲಿಲ್ಲ. ಅದು ಎರಡು ತೊಟ್ಟಿಗಳ ಹಳೆಯ ಮಾದರಿ. ಒಂದರಲ್ಲಿ ಬಟ್ಟೆ ಒಗೆದು, ಕೈಯಿಂದ ಎತ್ತಿ ಇನ್ನೊಂದಕ್ಕೆ ಹಾಕಿ ಹಿಂಡಿಸಬೇಕು. ಒಗೆಯುವ ತೊಟ್ಟಿ ಎಂದಿನಂತೆ ನಡೆಯುತ್ತಿತ್ತು. ಹಿಂಡುವ ತೊಟ್ಟಿ ಮಾತ್ರ ಒಂದು ಬೆಳಿಗ್ಗೆ ನರಳಿ ಸುಮ್ಮನಾಯಿತು. ಸತ್ತ ವಸ್ತುವನ್ನು ಸಾಗಹಾಕಬಹುದು. ಅರೆಜೀವವಾಗಿರುವುದನ್ನು ಏನು ಮಾಡುವುದು?

ರಿಪೇರಿಯವನು ಬಂದ. ಹಿಂಬದಿಯ ಮುಚ್ಚಳ ಬಿಚ್ಚಿ, ಮೊಬೈಲಿನ ಬೆಳಕು ಬಿಟ್ಟು ತೋರಿಸಿದ. ಹಿಂಡುವ ತೊಟ್ಟಿಯ ಅಡಿಯಲ್ಲಿ ಒಂದು ರಬ್ಬರಿನ ಸೀಲು ಇರುತ್ತದೆ. ಅದು ಸವೆದು, ನೀರು ಹನಿಹನಿಯಾಗಿ ಕೆಳಗಿನ ಮೋಟಾರಿನ ಮೇಲೆ ಬಿದ್ದು, ಮೋಟಾರು ತುಕ್ಕು ಹಿಡಿದು ಸುಟ್ಟುಹೋಗಿತ್ತು. ನೂರೈವತ್ತು ರೂಪಾಯಿಯ ಸೀಲು ಎರಡು ಸಾವಿರದ ಮೋಟಾರನ್ನು ನುಂಗಿತ್ತು. “ಮೋಟಾರು, ಸೀಲು, ನನ್ನ ಕೂಲಿ 600, ಎಲ್ಲ ಸೇರಿ 2,750 ಆಗುತ್ತೆ ಸಾರ್” ಎಂದ. “ಕೂಲಿ ಜಾಸ್ತಿ ಆಯಿತಲ್ಲಪ್ಪಾ, 400 ಮಾಡಿಕೊ” ಎಂದೆ. ಅವನು ನಗುತ್ತ, “ಯೋಚನೆ ಮಾಡಿ ಫೋನ್ ಮಾಡಿ ಸಾರ್” ಎಂದು ಹೊರಟುಹೋದ.

ಅಂದು ಸಂಜೆ ಅಂಗಡಿಗೂ ಹೋಗಿಬಂದೆವು. ತಾನೇ ಒಗೆದು ತಾನೇ ಹಿಂಡುವ ಹೊಸ ಯಂತ್ರಕ್ಕೆ 18,500 ರೂಪಾಯಿ ಎಂದರು. ಹಳೆಯದನ್ನು ಕೊಟ್ಟರೆ ಸಾವಿರ ರೂಪಾಯಿ ಕಡಿತ. ಅದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅಂಗಡಿಯ ಹುಡುಗ ಸಹಜವಾಗಿ, “ಗುಜರಿಗೆ ಹೋಗುತ್ತೆ ಸಾರ್” ಎಂದ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಇಂಥ ಯಂತ್ರಗಳ ಕೊನೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಲಾಗಿದೆ. ಆ ಹುಡುಗನಿಗೆ ಅದು ಗೊತ್ತಿರಲಿಲ್ಲ. ಅವನನ್ನು ಪರೀಕ್ಷೆ ಮಾಡಲು ನಾನೇನು ಅಲ್ಲಿಗೆ ಹೋಗಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನ್ನಾಕೆ ಕೇಳಿದಳು: “ಬೆಳಿಗ್ಗೆ ಆ ಮನುಷ್ಯನ ಹತ್ತಿರ 200 ರೂಪಾಯಿಗೆ ಚೌಕಾಸಿ ಮಾಡಿದಿರಿ. ಅಂಗಡಿಯಲ್ಲಿ ಹದಿನೆಂಟೂವರೆ ಸಾವಿರ ಎಂದಾಗ ತುಟಿ ಬಿಚ್ಚಲಿಲ್ಲವಲ್ಲ?”

ನಿಜವಾಗಿ ಈ ಲೇಖನಕ್ಕೆ ಕಾರಣ ಆ ಪ್ರಶ್ನೆಯೇ. ಅಂಗಡಿಯಲ್ಲಿ ಬೆಲೆ ಅಚ್ಚಾಗಿತ್ತು. ಅಚ್ಚಾದದ್ದಕ್ಕೆ ನಾವು ತಲೆಬಾಗುತ್ತೇವೆ. ಬೆವರುತ್ತ ಎದುರಿಗೆ ಕುಳಿತವನ ಬೆಲೆ ಮಾತ್ರ ಹೆಚ್ಚೆನಿಸುತ್ತದೆ. ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆಯನ್ನು ಮೀರಿದರೆ ಹೊಸದನ್ನೇ ಕೊಳ್ಳಬೇಕು ಎಂದು ತಿಳಿದವರು ಹೇಳುತ್ತಾರೆ. ಮೇಲುನೋಟಕ್ಕೆ ವಿವೇಕದ ಮಾತು. ಆದರೆ ಹೊಸ ಯಂತ್ರ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ತಯಾರಾಗುತ್ತದೆ; ರಿಪೇರಿಯನ್ನು ಒಬ್ಬ ಮನುಷ್ಯ, ಒಂದು ಮನೆಯಲ್ಲಿ, ಮೊಣಕಾಲೂರಿ ಕುಳಿತು ಮಾಡಬೇಕು. ತಯಾರಿಕೆ ಅಗ್ಗವಾದಷ್ಟೂ ಅವನ ಕೂಲಿ ದುಬಾರಿಯಾಗಿ ಕಾಣುತ್ತದೆ. ಅವನು ಒಂದು ಕಾಸೂ ಹೆಚ್ಚು ಕೇಳಬೇಕಾಗಿಲ್ಲ. ಈ ಸೂತ್ರವನ್ನು ಹಿಡಿದು ಹೋದರೆ ಒಂದಲ್ಲ ಒಂದು ದಿನ ಎಲ್ಲವನ್ನೂ ಎಸೆಯುವುದೇ ವಿವೇಕವಾಗಿಬಿಡುತ್ತದೆ.

ಯಂತ್ರಗಳ ರಚನೆಯೂ ಆ ಕಡೆಗೇ ಸಾಗುತ್ತಿದೆ. ಮುಂದಿನಿಂದ ಬಾಗಿಲು ತೆರೆಯುವ ಈಗಿನ ಅನೇಕ ಮಾದರಿಗಳಲ್ಲಿ ಹೊರತೊಟ್ಟಿಯ ಎರಡು ಹೋಳುಗಳನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ಒಳಗಿನ ಒಂದು ಬೇರಿಂಗ್ ಸವೆದರೂ ಇಡೀ ತೊಟ್ಟಿಯನ್ನೇ ಬದಲಿಸಬೇಕು. ಐರೋಪ್ಯ ಒಕ್ಕೂಟ 2021ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಹತ್ತು ವರ್ಷ ಅದರ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕೆಂದು ವಿಧಿಸಿದೆ. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿಯನ್ನು ನೇಮಿಸಿ, ಅದೇ ವರ್ಷ ಒಂದು ಜಾಲತಾಣವನ್ನೂ ತೆರೆಯಿತು. ಬಿಡಿಭಾಗ ಸಿಕ್ಕೀತು, ಒಪ್ಪೋಣ. ಅದನ್ನು ಜೋಡಿಸಬಲ್ಲ ಕೈ?

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಕ್ಷವನ್ನು ಬಲಪಡಿಸಲು ಭಾವನೆಯನ್ನೂ ಕರೆತಂದೆ. ಮಗಳು ಹುಟ್ಟಿದ ವರ್ಷ, 2009ರಲ್ಲಿ ಕೊಂಡದ್ದು; ಅವಳ ಲಂಗೋಟಿಗಳಿಂದ ಹಿಡಿದು ಕಾಲೇಜಿನ ಬಟ್ಟೆಯವರೆಗೆ ಒಗೆದಿದೆ; ಅದಕ್ಕೆ ಕೃತಜ್ಞತೆ ಬೇಡವೆ? ಈ ವಾದದಲ್ಲಿ ಒಂದು ತೊಡಕುಂಟು. ಬೆಲ್ಟು, ಟೈಮರು, ಕೆಪಾಸಿಟರು, ನೀರು ಹೋಗುವ ಕೊಳವೆ, ಎಲ್ಲವನ್ನೂ ಒಂದೊಂದಾಗಿ ಬದಲಿಸಿಯಾಗಿದೆ. ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ ರಾಜನನ್ನು ಕೇಳುತ್ತಾನೆ: ಗಾಲಿ ರಥವೆ, ಅಚ್ಚು ರಥವೆ, ನೊಗ ರಥವೆ? ನನ್ನ ಕೃತಜ್ಞತೆ ಯಾವ ಭಾಗಕ್ಕೆ ಸಲ್ಲಬೇಕು? ನನ್ನಾಕೆ ನಾಗಸೇನನ ತನಕ ಹೋಗಲಿಲ್ಲ. “ಹದಿನಾರು ವರ್ಷ ಒದ್ದೆ ಬಟ್ಟೆ ಎತ್ತಿ ಹಾಕಿದವಳು ನಾನು. ಕೃತಜ್ಞತೆ ಮಾತ್ರ ಮೆಷೀನಿಗೋ?” ಎಂದಳು.

ಅವಳ ಮಾತಿನಿಂದ ಇನ್ನೊಬ್ಬರ ನೆನಪಾಯಿತು. ಈ ಯಂತ್ರ ಬರುವ ಮುನ್ನ ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದವರು ಒಬ್ಬ ಹೆಂಗಸು. ನನ್ನ ತಾಯಿಯ ಕಾಲದಿಂದ ಬರುತ್ತಿದ್ದರು. ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ಅವರು ಬಗ್ಗಿ ನಿಂತದ್ದು, ಸಾಬೂನಿನ ನೀರಿನಲ್ಲಿ ಬಿರಿದ ಅವರ ಬೆರಳುಗಳು ನನಗೆ ಚೆನ್ನಾಗಿ ನೆನಪಿವೆ. ಯಂತ್ರ ಬಂದ ವಾರ ಅವರಿಗೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಟ್ಟು, ಒಂದು ಸೀರೆ ಕೊಟ್ಟು ಕಳಿಸಿದೆವು. “ಒಳ್ಳೇದೇ ಆಯ್ತು ಬಿಡಿ ಅಮ್ಮಾ, ನನಗೂ ಕೈಲಾಗ್ತಿರಲಿಲ್ಲ” ಎಂದು ಅವರು ತಾಯಿಗೆ ಹೇಳಿದರು. ಆ ಮಾತು ನಮಗೆ ಅನುಕೂಲವಾಗಿತ್ತು, ಆದ್ದರಿಂದ ನಂಬಿದೆವು. ಕೆಲಸ ಕಷ್ಟದ್ದೇ, ಯಂತ್ರ ತಂದದ್ದು ತಪ್ಪೆಂದು ನಾನು ಈಗಲೂ ಹೇಳಲಾರೆ. ಆದರೆ ಮುಂದಿನ ತಿಂಗಳು ಅವರ ಮನೆ ಹೇಗೆ ನಡೆಯಿತೆಂದು ನಾವು ವಿಚಾರಿಸಲಿಲ್ಲ. ಈ ತಗಡು ಪ್ಲಾಸ್ಟಿಕ್ಕಿನ ಪೆಟ್ಟಿಗೆಗಾಗಿ ಒಂದು ವಾರದಿಂದ ಧರ್ಮಾಧರ್ಮ ಚರ್ಚೆ ಮಾಡುತ್ತಿರುವ ನಾನು, ಅಂದು ಹತ್ತು ನಿಮಿಷವೂ ಯೋಚಿಸಿದ ನೆನಪಿಲ್ಲ.

ಮರುದಿನ ರಿಪೇರಿಯವನಿಗೆ ಫೋನು ಮಾಡಿದೆ. ನನ್ನಾಕೆ ಒಂದು ಷರತ್ತು ಹಾಕಿದ್ದಳು: ಬಟ್ಟೆ ಎತ್ತಿ ಹಾಕುವ ಕೆಲಸ ಇನ್ನು ಮೇಲೆ ನನ್ನದು. ಅವನು ಭಾನುವಾರ ಬಂದು ಎರಡು ಗಂಟೆ ಕೆಲಸ ಮಾಡಿದ. 600 ರೂಪಾಯಿಯನ್ನು ಚೌಕಾಸಿಯಿಲ್ಲದೆ ಕೊಟ್ಟೆ; ಅವನು ನನ್ನ ಮುಖವನ್ನೊಮ್ಮೆ ನೋಡಿ ಜೇಬಿಗೆ ಹಾಕಿಕೊಂಡ. “ಎರಡು ವರ್ಷ ಯೋಚನೆ ಇಲ್ಲ ಸಾರ್. ಆಮೇಲೆ ನಾನು ಈ ಕೆಲಸದಲ್ಲಿ ಇರ್ತೀನೋ ಇಲ್ಲವೋ ಗೊತ್ತಿಲ್ಲ, ಮಗ ಈ ಕಡೆ ತಲೆ ಹಾಕೋದಿಲ್ಲ” ಎಂದ.

ಈಗ ವಾರಕ್ಕೆ ಮೂರು ಬೆಳಿಗ್ಗೆ ಒದ್ದೆ ಬಟ್ಟೆ ಎತ್ತಿ ಹಾಕುತ್ತಿದ್ದೇನೆ. ಬೆಡ್‌ಶೀಟು ಇಷ್ಟು ಭಾರವೆಂದು ನನಗೆ ತಿಳಿದಿರಲಿಲ್ಲ. ಯಂತ್ರದ ಕೊಳವೆಯ ನೀರು ಹಿತ್ತಲಿನ ಆ ಹಳೆಯ ಕಲ್ಲಿನ ಮೇಲೆಯೇ ಬೀಳುತ್ತದೆ. ಅದನ್ನು ತೆಗೆಸಬೇಕೆಂದು ಇದುವರೆಗೆ ಯಾರಿಗೂ ತೋರಿಲ್ಲ.